ಚಿಗಟೇರಿಯ ಫಾರಿನ್ ಹುಡುಗಿ

ಕೊಟ್ಟೂರಿನಿಂದ ಚಿಗಟೇರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತವರಿಗೆ ನನ್ನದೊಂದು ಚಾಳಿ ಕಣ್ಣಿಗೆ ಬಿದ್ದಿರಬಹುದು. ಬಳ್ಳಾರಿ ಜಿಲ್ಲೆ ಮುಗಿದು ದಾವಣಗೆರೆ ಜಿಲ್ಲೆ ಶುರುವಾಗುವ ಕಡೆ ಒಂದು ಬೋರ್ಡು ನಿಲ್ಲಿಸಿದ್ದಾರೆ. ಅದು ಕಂಡ ಕೂಡಲೇ ನನ್ನ ಬಲಗೈ ತಾನಾಗಿಯೇ ಎದೆಜೇಬಿನ ಮೇಲೆ ಹೋಗುತ್ತದೆ. ಜೇಬಿನಲ್ಲಿರುವುದು ಒಂದು ಪೆನ್ನು, ಮಡಿಚಿದ ಎರಡು ಬಿಲ್ಲು, ಕನ್ನಡಕದ ಗೂಡು. ಕದಿಯುವಂಥದ್ದು ಏನೂ ಇಲ್ಲ. ಆದರೂ ಕೈ ಹೋಗಿ, ಮುಟ್ಟಿ ನೋಡಿ, ಸಮಾಧಾನ ಮಾಡಿಕೊಂಡು ವಾಪಸು ತೊಡೆಯ ಮೇಲೆ ಬರುತ್ತದೆ.

ಮೊನ್ನೆ ನನ್ನ ಹೆಂಡತಿ ಕೇಳಿಯೇಬಿಟ್ಟಳು: "ಯಾಕ್ರಿ, ಆ ಬೋರ್ಡಿಗೆ ನಿಮ್ಮ ಜೇಬಿನ ಮ್ಯಾಲ ಕಣ್ಣೈತೇನು?"

ಅವಳಿಗೆ ಕಾರಣ ಗೊತ್ತು. ಗೊತ್ತಿದ್ದೂ ಕೆಣಕುವುದು ಅವಳ ಚಾಳಿ. ನಿಮಗೆ ಗೊತ್ತಿಲ್ಲವಾದ್ದರಿಂದ ಹೇಳುತ್ತೇನೆ. ಒಂದು ಕಾಲಕ್ಕೆ ಈ ಜೇಬಿನಲ್ಲಿ ಮಲೇಷ್ಯಾ ಸರ್ಕಾರದ ಪಾಸ್‌ಪೋರ್ಟು ಇರುತ್ತಿತ್ತು. ಅದು ನನ್ನದಲ್ಲ. ನನಗೆ ಇವತ್ತಿಗೂ ಯಾವ ದೇಶದ ಪಾಸ್‌ಪೋರ್ಟೂ ಇಲ್ಲ. ಕೊಟ್ಟೂರಿನಲ್ಲಿ ಸ್ಟೀಲ್ ಪಾತ್ರೆ ಮಾರುವವನು ನಾನು, ನನ್ನನ್ನು ಯಾವ ದೇಶ ಕರೆಸಿಕೊಳ್ಳಬೇಕು? ಅದು ಮಲ್ಲಿಯದು. ಮಲ್ಲಿ ನನ್ನ ಅಕ್ಕನ ಎರಡನೇ ಮಗಳು. ಆಗ ಒಂದನೇ ಕ್ಲಾಸು.

ನಮ್ಮಂಥ ಮನೆಯಲ್ಲಿ ಮಲೇಷ್ಯಾ ಹೇಗೆ ಬಂತು ಅಂತ ಕೇಳುತ್ತೀರಿ. ದಾವಣಗೆರೆಯಿಂದ ಬಂತು. ಎಂಬತ್ತರ ದಶಕದಲ್ಲಿ ದಾವಣಗೆರೆಗೆ ಡಾಕ್ಟರಿಕೆ ಕಲಿಯಲು ಮಲೇಷ್ಯಾದಿಂದ ಹುಡುಗರು ಬರುತ್ತಿದ್ದರು. ನಮ್ಮ ಅಕ್ಕ ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ಆ ಹುಡುಗರಲ್ಲಿ ಒಬ್ಬರು ಸೆಲ್ವಂ, ತಮಿಳು ಮನೆತನ, ಇಪೋ ಎಂಬ ಊರು. ಮುಂದಿನದು ನೀವೇ ಊಹಿಸಬಲ್ಲಿರಿ. ಅಪ್ಪ ಮೂರು ತಿಂಗಳು ಮಾತು ಬಿಟ್ಟ. ಅವ್ವ ಮಾತ್ರ ಹುಡುಗನನ್ನು ನೋಡಿಕೊಂಡು ಬಂದು ತೀರ್ಪು ಕೊಟ್ಟಳು: "ಕೊಳ್ಳಾಗ ಲಿಂಗ ಇಲ್ಲಾಂದ್ರೇನಾತು, ಹಣಿಮ್ಯಾಲ ನಿಮಗಿಂತ ದಪ್ಪನ ಈಬತ್ತಿ ಹಚ್ಚತಾನ. ನಮ್ಮ ಶಿವನ, ಅವಂಗೂ." ಅಪ್ಪನ ಹಣೆಯ ವಿಭೂತಿ ದಿನಕ್ಕೊಂದು ಸಲ ಹಚ್ಚಿದ್ದು ಮಧ್ಯಾಹ್ನದ ಹೊತ್ತಿಗೆ ಅಳಿಸಿಹೋಗಿರುತ್ತಿತ್ತು. ಅಪ್ಪ ಬಾಯಿ ಮುಚ್ಚಿಕೊಂಡ. ಮದುವೆ ಆಯಿತು. ಅಕ್ಕ ಭಾವನ ಜೊತೆ ವಿಮಾನ ಹತ್ತಿದಳು. ನಾವು ಹರಪನಹಳ್ಳಿಯಲ್ಲಿ ಬಸ್ಸು ಹತ್ತಿಸಿ ಬಂದೆವು, ವಿಮಾನ ನೋಡಲಿಲ್ಲ.

ಮೊದಲ ಬಾಣಂತನ ತವರಿನಲ್ಲಿ ಆಗಬೇಕು ಅನ್ನುವುದು ನಮ್ಮಲ್ಲಿ ಕೇಳುವ ಪ್ರಶ್ನೆಯೇ ಅಲ್ಲ. ಇಪೋದಲ್ಲಿ ಭಾವ ಕೆಲಸ ಮಾಡುವ ಆಸ್ಪತ್ರೆಯೇ ಇದ್ದರೂ ಅಕ್ಕ ಏಳು ತಿಂಗಳ ಹೊಟ್ಟೆ ಹೊತ್ತು ಸಮುದ್ರ ದಾಟಿ ಚಿಗಟೇರಿಗೆ ಬಂದಳು. ಗೌರಿ ಹುಟ್ಟಿದಳು. ಮೂರು ವರ್ಷದ ಮೇಲೆ ಮಲ್ಲಿ ಹುಟ್ಟಿದ್ದು ಇಪೋದಲ್ಲಿ. ಅವಳ ಹೆಸರು ಕಾಗದದಲ್ಲಿ ಮಲರ್‌ವಿಳಿ. ಅದನ್ನು ಹೇಳಲು ಹೋಗಿ ಅವ್ವನ ನಾಲಿಗೆ ಎರಡು ಸಲ ತಿರುಚಿತು. ಮಲರ್ ಅಂದರೆ ಹೂವು ಅಂತ ಅಕ್ಕ ಹೇಳಿದ್ದೇ ತಡ, "ಹೂವಂದ್ರ ಹಡಗಲಿ ಮಲ್ಲಿಗಿನ" ಅಂದು ಮಲ್ಲಿ ಮಾಡಿಬಿಟ್ಟಳು.

ತೊಂಬತ್ತಾರರ ಹೊತ್ತಿಗೆ ಭಾವನಿಗೆ ಸರವಾಕ್ ಎಂಬಲ್ಲಿ, ಹೊಳೆಯ ದಡದ ಕಾಡಿನ ಆಸ್ಪತ್ರೆಗೆ ವರ್ಗವಾಯಿತು. ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ, ಶಾಲೆಯಂತೂ ಇಲ್ಲವೇ ಇಲ್ಲ. ಆ ವರ್ಗ ಮುಗಿಯುವವರೆಗೆ ಅಕ್ಕ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಳು. ಕೊಟ್ಟೂರಿನ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದಳು. ಮಕ್ಕಳು ಕೊಟ್ಟೂರಿನ ಶಾಲೆಗೆ. ದಿನಾ ಬೆಳಗ್ಗೆ ನಾನು ಅಂಗಡಿ ತೆಗೆಯಲು ಹೋಗುವಾಗ ಗೌರಿ, ಮಲ್ಲಿ, ನನ್ನ ಮಗ ಬಸು ಮೂವರನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೋಗುವುದು. ಬಸು, ಮಲ್ಲಿ ಒಂದೇ ತಿಂಗಳಲ್ಲಿ ಹುಟ್ಟಿದವರು. ಇಬ್ಬರಿಗೂ ಕಿಟಕಿಯೇ ಬೇಕು. ಕಿಟಕಿ ಇರುವುದು ಒಂದು. ನನ್ನ ವ್ಯಾಪಾರದ ದಿನ ಶುರುವಾಗುತ್ತಿದ್ದದ್ದೇ ನ್ಯಾಯ ತೀರಿಸುವುದರಿಂದ.

ಈಗ ಪಾಸ್‌ಪೋರ್ಟಿಗೆ ಬರೋಣ. ಒಂದೇ ಅಪ್ಪ, ಒಂದೇ ಅವ್ವ, ಒಂದೇ ಹಾಸಿಗೆಯಲ್ಲಿ ಮಲಗುವ ಎರಡು ಹುಡುಗಿಯರು. ಗೌರಿ ಹುಟ್ಟಿದ್ದು ಇಲ್ಲಿ, ತಾಯಿ ಇಲ್ಲಿಯವಳು, ಹಾಗಾಗಿ ಅವಳು ಭಾರತದವಳು. ಮಲ್ಲಿ ಹುಟ್ಟಿದ್ದು ಅಲ್ಲಿ, ತಂದೆ ಅಲ್ಲಿಯವರು, ತಾಯಿ ಭಾರತದವಳು ಅನ್ನುವುದು ಆಗಿನ ಕಾನೂನಿನಲ್ಲಿ ಲೆಕ್ಕಕ್ಕಿರಲಿಲ್ಲ. ಹಾಗಾಗಿ ಅವಳು ಮಲೇಷ್ಯಾದವಳು. ಎರಡೂ ದೇಶದ ಪಾಸ್‌ಪೋರ್ಟು ಒಬ್ಬರ ಕೈಯಲ್ಲೇ ಇರಲಿ ಅಂದರೆ ಈ ದೇಶವೂ ಒಪ್ಪುವುದಿಲ್ಲ, ಆ ದೇಶವೂ ಒಪ್ಪುವುದಿಲ್ಲ. ಒಟ್ಟಿನಲ್ಲಿ ಗೌರಿ ಚಿಗಟೇರಿಯಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು, ಮಲ್ಲಿಗೆ ವೀಸಾ ಬೇಕು. ವೀಸಾ ಮುಗಿಯುವ ಮುಂಚೆ ಜಿಲ್ಲಾ ಕಚೇರಿಗೆ ಅರ್ಜಿ ಹಾಕಿ ಮುಂದಕ್ಕೆ ಹಾಕಿಸಬೇಕು. ಶಾಲೆಯಲ್ಲಿ ಇದು ಹೇಗೋ ಗೊತ್ತಾಗಿ ಹುಡುಗರು ಅವಳನ್ನು "ಫಾರಿನ್" ಅಂತ ಕರೆಯಲು ಶುರುಮಾಡಿದರು. ಮೊದಮೊದಲು ಅವಳಿಗೆ ಅದು ಹೆಮ್ಮೆಯಾಗಿತ್ತು. ಸ್ಲೇಟಿನ ಮೇಲೆ ಹಾಗೇ ಬರೆದುಕೊಂಡಿದ್ದಳು.

ಮೊದಲ ಸಲ ಬಳ್ಳಾರಿಗೆ ಹೋಗಿ ಅರ್ಜಿ ಹಾಕಿದೆವು, ಸುಸೂತ್ರವಾಗಿ ಆಯಿತು. ಎರಡನೇ ಸಲ ಅರ್ಜಿ ಹಾಕಿ ಬಂದ ಸ್ವಲ್ಪ ದಿನಕ್ಕೆ ದಾವಣಗೆರೆ ಹೊಸ ಜಿಲ್ಲೆ ಆಯಿತು. ನಮ್ಮ ಹರಪನಹಳ್ಳಿ ತಾಲೂಕನ್ನು ಬಳ್ಳಾರಿಯಿಂದ ಕಿತ್ತು ಅದಕ್ಕೆ ಸೇರಿಸಿದರು. ಊರಿನಲ್ಲಿ ಕೆಲವರಿಗೆ ಖುಷಿ, ಕೆಲವರಿಗೆ ಸಂಕಟ. ನನ್ನ ಹೆಂಡತಿಯ ತವರು ತೆಲಿಗಿ, ದಾವಣಗೆರೆಯ ಕಡೆಯೇ. ಅವಳು ತಾನೇ ಗೆದ್ದವಳ ಹಾಗೆ ಓಡಾಡಿದಳು. ನಾನು ಮಾತ್ರ ಬೆಳಗ್ಗೆ ದಾವಣಗೆರೆ ಜಿಲ್ಲೆಯಲ್ಲಿ ಎದ್ದು, ಬಳ್ಳಾರಿ ಜಿಲ್ಲೆಯಲ್ಲಿ ವ್ಯಾಪಾರ ಮಾಡಿ, ಸಂಜೆ ದಾವಣಗೆರೆ ಜಿಲ್ಲೆಗೆ ಊಟಕ್ಕೆ ಬರುವವನಾದೆ. ನನ್ನದು ಹೇಗೋ ನಡೆಯುತ್ತದೆ, ನನ್ನನ್ನು ಕೇಳುವವರು ಯಾರು? ದಿಗಿಲು ಹತ್ತಿದ್ದು ಮಲ್ಲಿಯ ವಿಷಯಕ್ಕೆ. ಹೊರದೇಶದ ಹುಡುಗಿ ದಿನಕ್ಕೆರಡು ಸಲ ಜಿಲ್ಲೆಯ ಗಡಿ ದಾಟುತ್ತಿದ್ದಾಳೆ, ಯಾರಾದರೂ ಬಸ್ಸು ನಿಲ್ಲಿಸಿ ಕೇಳಿದರೆ? ಆವತ್ತಿನಿಂದ ಅವಳ ಪಾಸ್‌ಪೋರ್ಟು ನನ್ನ ಎದೆಜೇಬು ಸೇರಿತು. ಬೆಳಗ್ಗೆ ಒಯ್ಯುವುದು, ಸಂಜೆ ತರುವುದು. ಬೋರ್ಡು ಬಂದಾಗ ಮುಟ್ಟಿ ನೋಡುವುದು. ಆ ಬಸ್ಸನ್ನು ಯಾರು ನಿಲ್ಲಿಸಿದರು ಅಂತೀರಿ? ಎಮ್ಮೆಗಳನ್ನು ಬಿಟ್ಟರೆ ಯಾರೂ ಇಲ್ಲ.

ಕುಡ್ಲಿಗಿಯಲ್ಲಿ ನಮಗೆ ಪರಿಚಯದ ವಕೀಲರೊಬ್ಬರಿದ್ದರು. ಅವರ ಮಗಳ ಮದುವೆಗೆ ಅಷ್ಟೂ ಪಾತ್ರೆ ನಮ್ಮ ಅಂಗಡಿಯಿಂದಲೇ ಹೋಗಿತ್ತು. ಅವರ ಮುಂದೆ ಪಾಸ್‌ಪೋರ್ಟು ತೆಗೆದಿಟ್ಟು ಹೀಗ್ಹೀಗೆ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ವೀರೇಶಪ್ಪಾ, ಜಿಲ್ಲಾ ದಾಟಾಕ ಪಾಸ್‌ಪೋರ್ಟ್ ಬೇಕು ಅಂತ ನಿಮಗ ಯಾರ್ ಹೇಳಿದ್ರು? ಹಂಗಿದ್ರ ನಾ ಹರಪನಹಳ್ಳಿ ಕೋರ್ಟಿಗೆ ವಿಮಾನದಾಗ ಹೋಗಬೇಕಾಕ್ಕಿತ್ತು!" ಅಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಪಾಸ್‌ಪೋರ್ಟಿನ ಹಾಳೆ ತಿರುವಿದರು. ಮುಖ ಸಣ್ಣಗಾಯಿತು. "ಇದು ನಗೂ ವಿಷಯ ಅಲ್ಲ. ವೀಸಾ ಮುಗ್ಯಾಕ ಬಂದೈತಿ. ಅರ್ಜಿ ಎಲ್ಲೈತಿ?"

ಅರ್ಜಿ ಎಲ್ಲಿತ್ತು ಅನ್ನುವುದೇ ತಿಳಿಯದ ವಿಷಯ. ಹಳೇ ಜಿಲ್ಲೆಯಲ್ಲಿ ಕೇಳಿದರೆ, ನಿಮ್ಮ ತಾಲೂಕಿನ ಕಾಗದಗಳೆಲ್ಲ ಹೊರಟಿವೆ ಅಂದರು. ಹೊಸ ಜಿಲ್ಲೆಯಲ್ಲಿ ಕೇಳಿದರೆ, ಇನ್ನೂ ಬರುತ್ತಿವೆ ಅಂದರು. ಎರಡೂ ಕಡೆ ಚಹಾ ಕುಡಿಸಿಯೇ ಕಳಿಸಿದರು, ಯಾರದೂ ತಪ್ಪು ಅನ್ನುವ ಹಾಗಿಲ್ಲ. ಒಂದು ಮನೆಯವರು ಇನ್ನೊಂದು ಮನೆಗೆ ಸಾಮಾನು ಸಾಗಿಸುವಾಗ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳಿದರೆ ಯಾರು ಹೇಳಬಲ್ಲರು? ಆದರೆ ವೀಸಾದ ತಾರೀಖು ಸಾಮಾನು ಇಳಿಸುವವರೆಗೆ ಕಾಯುವುದಿಲ್ಲ. ವಕೀಲರು ಹೇಳಿದ್ದು ಒಂದೇ ದಾರಿ. ತಾರೀಖು ಮುಗಿಯುವ ಮುಂಚೆ ಹುಡುಗಿ ದೇಶದ ಹೊರಗೆ ಕಾಲಿಡಬೇಕು, ಅಲ್ಲಿ ನಮ್ಮ ರಾಯಭಾರಿ ಕಚೇರಿಯಲ್ಲಿ ಹೊಸ ವೀಸಾ ಕೇಳಬೇಕು. ಕೊಟ್ಟರೆ ವಾಪಸು ಬರಬಹುದು. ಕೊಡದಿದ್ದರೆ ಅಲ್ಲಿಂದಲೇ ತಂದೆಯ ಊರಿಗೆ ಹೋಗಬೇಕು. ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರದ, ನಮ್ಮ ದೇಶದವರಿಗೆ ಪಾಸ್‌ಪೋರ್ಟು ಬೇಡದ ಹೊರದೇಶ ಅಂದರೆ ನೇಪಾಳ.

"ಕೊಡದಿದ್ದರೆ" ಅನ್ನುವ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಅಕ್ಕನಿಗೆ ಹೇಳದೆಯೇ ಗೊತ್ತಾಯಿತು.

ಹೊರಡುವ ತಯಾರಿಯ ಬಗ್ಗೆ ಹೇಳದಿದ್ದರೆ ಈ ಕಥೆ ಪೂರ್ತಿಯಾಗುವುದಿಲ್ಲ. ವೀಸಾಕ್ಕೆ ಫೋಟೋ ಬೇಕಲ್ಲ, ಹಗರಿಬೊಮ್ಮನಹಳ್ಳಿಯಲ್ಲಿ ಒಳ್ಳೇ ಸ್ಟುಡಿಯೋ ಇದೆ ಅಂತ ಅಲ್ಲಿಗೆ ಕರೆದುಕೊಂಡು ಹೋದೆ. ಆ ಪುಣ್ಯಾತ್ಮ ಮದುವೆಯ ಫೋಟೋಕ್ಕೆ ಹೆಸರಾದವನು. ಮಗುವಿನ ಕೈಯಲ್ಲಿ ಪ್ಲಾಸ್ಟಿಕ್ ಫೋನು ಕೊಟ್ಟು, ಹಿಂದೆ ತಾಜಮಹಲಿನ ಪರದೆ ಬಿಟ್ಟು, ಗಲ್ಲಕ್ಕೆ ಬೆರಳು ಇಡಿಸಿ ತೆಗೆದ. ನನಗೂ ಚೆನ್ನಾಗಿಯೇ ಕಂಡಿತು, ಪ್ರತಿಗಳನ್ನು ಜಾಸ್ತಿಯೇ ಹಾಕಿಸಿದೆ. ವಕೀಲರು ನೋಡಿ ಎರಡನೇ ಸಲ ಹೊಟ್ಟೆ ಹಿಡಿದುಕೊಂಡರು. ಮತ್ತೆ ಹೋಗಿ ಬಿಳೀ ಪರದೆಯ ಮುಂದೆ, ಕಿವಿ ಎರಡೂ ಕಾಣುವ ಹಾಗೆ, ನಗದ ಹಾಗೆ ತೆಗೆಸಿಕೊಂಡು ಬಂದೆ. ತಾಜಮಹಲಿನದು ಈಗಲೂ ನಮ್ಮ ಮನೆಯ ಗೋಡೆಯ ಮೇಲಿದೆ.

ಅಕ್ಕನೇ ಹೋಗಬೇಕಿತ್ತು. ಹೊರಡುವ ವಾರವೇ ಗೌರಿಗೆ ದಡಾರ ಎದ್ದು ಮೈತುಂಬ ಕೆಂಪಾಯಿತು, ಜ್ವರ ಸುಡುತ್ತಿತ್ತು. ಅಕ್ಕ ಒಪ್ಪಿಗೆಪತ್ರ ಬರೆದುಕೊಟ್ಟಳು, ನಾನು ಹೊರಟೆ. ನನ್ನ ಜೊತೆ ಹೊರಟವಳು ಅವ್ವ. ಹೆಣ್ಣುಮಗು, ಜೊತೆಗೆ ಒಂದು ಹೆಣ್ಣು ದಿಕ್ಕು ಬೇಡವೇ ಅನ್ನುವುದು ಅವಳ ಮೊದಲ ವಾದ. ಎರಡನೆಯದು ನೇಪಾಳದಲ್ಲಿ ಪಶುಪತಿನಾಥ ಇದ್ದಾನೆ ಅನ್ನುವುದು. ಓಣಿಯವರಿಗೆ ಅವಳು ವೀಸಾದ ಸುದ್ದಿಯನ್ನೇ ಎತ್ತಲಿಲ್ಲ. "ಮೊಮ್ಮಗಳ ಕೂಡ ಪಶುಪತಿ ದರ್ಶನಕ್ಕ ಹೊಂಟೀನಿ" ಅಂತ ಮನೆಮನೆಗೆ ಹೋಗಿ ಹೇಳಿ ಬಂದಳು. ಕೆಲವರು ಕಾಲಿಗೂ ಬಿದ್ದರು.

ಹೊರಡುವ ಹಿಂದಿನ ದಿನ ಅವ್ವ ಅಂಗಡಿಗೆ ಬಂದು ಒಂದು ಸಣ್ಣ ತಾಟು ಆರಿಸಿ ಹೆಸರು ಹಾಕಿಕೊಡು ಅಂದಳು. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವ ಮಷೀನು ನೀವು ನೋಡಿರುತ್ತೀರಿ, ಗುಂಯ್ ಅನ್ನುವ ಸೂಜಿ. ಯಾರ ಮದುವೆಗೆ ಯಾರು ಕೊಟ್ಟ ಕೊಡ ಅನ್ನುವುದು ನಮ್ಮ ಕಡೆ ಆ ಸೂಜಿಯಿಂದಲೇ ಇತ್ಯರ್ಥವಾಗುವುದು. ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ತೊಟ್ಟಿಲಿಗೆ ಹಾಕುವ ದಿನ ಹೆಸರು, ಊರು ಕೊರೆದ ತಾಟು ಕೊಡುವುದು ಅಪ್ಪನ ಕಾಲದಿಂದ ಬಂದದ್ದು. ಗೌರಿಗೆ ಇದೆ, ಬಸುಗೆ ಇದೆ. ಮಲ್ಲಿಯ ತೊಟ್ಟಿಲು ಇಪೋದಲ್ಲಿ ಕಟ್ಟಿದ್ದರಿಂದ ಅವಳಿಗಿಲ್ಲ, ಅವಳು ಉಣ್ಣುತ್ತಿದ್ದದ್ದು ಬಂದವರಿಗೆ ಹಾಕುವ ತಾಟಿನಲ್ಲಿ. ನಾನು ಪಾತ್ರೆ ಮಾರುವವನು, ನನಗೇ ಅದು ಹೊಳೆದಿರಲಿಲ್ಲ. ದಾರಿಯಲ್ಲಿ ಉಣ್ಣಲು ಇರಲಿ ಅಂತ ಕೇಳುತ್ತಿದ್ದಾಳೆ ಅಂದುಕೊಂಡು "ಮಲ್ಲಿ, ಚಿಗಟೇರಿ" ಅಂತ ಕೊರೆದುಕೊಟ್ಟೆ.

ಗುಂತಕಲ್ಲಿನಲ್ಲಿ ರೈಲು ಹತ್ತಿದೆವು. ಝಾನ್ಸಿಯಲ್ಲಿ ಬದಲಿಸಿ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಗಡಿಯ ಊರು ಸೋನೌಲಿ. ಅವ್ವ ಗಂಟಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾಪುಡಿ, ಮಂಡಕ್ಕಿ ಕಟ್ಟಿದ್ದಳು. ರೈಲಿನ ಡಬ್ಬಿಯಲ್ಲಿದ್ದ ಬಿಹಾರಿ ಹೆಂಗಸರಿಗೆಲ್ಲ ಹಂಚಿ ಅವರ ಕಷ್ಟಸುಖ ಕೇಳಿದಳು. ಅವಳಿಗೆ ಹಿಂದಿ ಬಾರದು. ಕನ್ನಡವನ್ನೇ ಸ್ವಲ್ಪ ಜೋರಾಗಿ ಹೇಳಿದರೆ ಹಿಂದಿಯವರಿಗೆ ತಿಳಿಯುತ್ತದೆ ಅನ್ನುವುದು ಅವಳ ನಂಬಿಕೆ. ಆಶ್ಚರ್ಯ ಅಂದರೆ ತಿಳಿಯುತ್ತಿತ್ತು. ನನ್ನ ಹಿಂದಿ ಸಗಟು ಪಾತ್ರೆ ವ್ಯಾಪಾರಿಗಳಿಂದ ಕಲಿತದ್ದು. ಕಿಲೋಗೆ ಎಷ್ಟು, ತಗಡಿನ ಗೇಜು ಎಷ್ಟು, ಕಲೆ ಬಿದ್ದದ್ದನ್ನು ವಾಪಸು ತಗೊಳ್ಳುತ್ತೀರಾ, ಇಷ್ಟರಾಚೆಗೆ ಅದು ದಾಟುತ್ತಿರಲಿಲ್ಲ. ಆ ಹಿಂದಿಯನ್ನು ನಂಬಿಕೊಂಡು ನಾನು ಒಂದು ಮಗುವನ್ನು ದೇಶ ದಾಟಿಸಲು ಹೊರಟಿದ್ದೆ.

ಗಡಿ ಅಂದರೆ ನನ್ನ ಕಲ್ಪನೆಯಲ್ಲಿ ಮುಳ್ಳುತಂತಿ, ಬಂದೂಕು, ಒಂದು ದೊಡ್ಡ ಮೌನ. ಸೋನೌಲಿಯಲ್ಲಿ ಕಂಡದ್ದು ರಸ್ತೆಯ ಮೇಲೊಂದು ಕಮಾನು, ಅದರ ಕೆಳಗೆ ಸಂತೆಗೆ ಹೋಗುವ ಹಾಗೆ ಹೋಗಿಬರುವ ಜನ, ಸೈಕಲ್ ರಿಕ್ಷಾ, ಈರುಳ್ಳಿ ಚೀಲ, ಒಂದು ಆಡು. ನಮ್ಮನ್ನು ಯಾರೂ ಕೇಳಲಿಲ್ಲ. ಮೂವರೂ ಕೈ ಹಿಡಿದುಕೊಂಡು ನಡೆದೆವು, ನೇಪಾಳ ಬಂತು. ಅವ್ವ ಕಮಾನಿನ ಆಚೆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಚೆಯ ಕಚೇರಿಯವರು ಮಲ್ಲಿಯ ಪಾಸ್‌ಪೋರ್ಟು ತಿರುವಿ, ಭಾರತ ಬಿಟ್ಟ ಮುದ್ರೆ ಎಲ್ಲಿದೆ ಅಂದರು. ಅದು ರಸ್ತೆ ಬದಿಯ ಅಂಗಡಿಗಳ ನಡುವಿನ ಒಂದು ಸಣ್ಣ ಕೋಣೆಯಲ್ಲಿ ಹಾಕಿಸಬೇಕಿತ್ತಂತೆ, ನಾವು ಅದನ್ನು ನೋಡದೇ ಬಂದಿದ್ದೆವು. ಮತ್ತೆ ಭಾರತ, ಮತ್ತೆ ನೇಪಾಳ. ಜನ್ಮದಲ್ಲಿ ಹೊರದೇಶ ಕಾಣದ ನಾನು ಒಂದೇ ಮುಂಜಾನೆಯಲ್ಲಿ ಎರಡು ಸಲ ಹೊರದೇಶಕ್ಕೆ ಹೋದೆ.

ಆ ಸಣ್ಣ ಕೋಣೆಯಲ್ಲಿ ಮಲ್ಲಿಯನ್ನು ಕುರ್ಚಿಯ ಮೇಲೆ ನಿಲ್ಲಿಸಿ, ಫೋಟೋ ನೋಡಿ, ಮುಖ ನೋಡಿ ಮುದ್ರೆ ಹೊಡೆದರು. ಹೊರಗೆ ಬಂದ ಮೇಲೆ ಅವಳು ನನ್ನ ಬೆರಳು ಜಗ್ಗಿದಳು.

"ಮಾಮಾ, ಅಜ್ಜಿನ್ನ ಯಾಕ ಕೇಳಲಿಲ್ಲ?"

"ಅಜ್ಜಿಗೆ ಬೇಕಿಲ್ಲಮ್ಮ."

"ನಿನ್ನ?"

"ನನಗೂ ಬೇಕಿಲ್ಲ."

"ಆ ಆಡಿಗೆ?"

ಆಡಿಗೂ ಬೇಕಿರಲಿಲ್ಲ. "ನೀ ದೊಡ್ಡ ಮನಶ್ಯಾಳು, ಅದಕ್ಕ" ಅಂದೆ. ಅವಳು ನಗಲಿಲ್ಲ. ಫಾರಿನ್ ಅನ್ನುವ ಮಾತಿನ ಹೆಮ್ಮೆ ಅಲ್ಲಿಗೆ ಮುಗಿಯಿತು ಅಂತ ಕಾಣುತ್ತದೆ. ಮುಂದೆ ಅವಳು ಅದನ್ನು ಎಲ್ಲಿಯೂ ಬರೆದುಕೊಂಡದ್ದು ನಾನು ನೋಡಲಿಲ್ಲ.

ಕಾಠ್ಮಂಡುವಿನ ಚಳಿ ನಮ್ಮ ಚಿಗಟೇರಿಯ ಕಂಬಳಿಗೆ ಬಗ್ಗುವಂಥದ್ದಲ್ಲ. ಲಾಡ್ಜಿನ ಕೋಣೆಯಲ್ಲಿ ಅವ್ವ ಇದ್ದಬದ್ದ ಸೀರೆಗಳನ್ನೆಲ್ಲ ಒಂದರ ಮೇಲೊಂದು ಸುತ್ತಿಕೊಂಡು ಕೂತಳು. ರಾಯಭಾರಿ ಕಚೇರಿಯ ಕಿಟಕಿಯಲ್ಲಿ ಕಾಗದಗಳನ್ನೆಲ್ಲ ತಾಳ್ಮೆಯಿಂದ ನೋಡಿ, ತಾಯಿಯ ಒಪ್ಪಿಗೆ ಇದೆ, ತಂದೆಯದೂ ಬೇಕು ಅಂದರು. ಅದು ನ್ಯಾಯವಾದ ಮಾತೇ. ಯಾರೋ ಒಬ್ಬ ಪಾತ್ರೆಯವನು ಹೊರದೇಶದ ಮಗುವನ್ನು ಕರೆತಂದು ನನ್ನ ಅಕ್ಕನ ಮಗಳು ಅಂದರೆ ನಂಬಿಬಿಡಬೇಕೇ? ಭಾವನಿಗೆ ಫೋನು ಮಾಡಿದರೆ ಅವರು ಹೊಳೆಯ ಮೇಲಿನ ಹಳ್ಳಿಗಳಿಗೆ ಹೋಗಿದ್ದಾರೆ, ದೋಣಿ ಬಂದ ಮೇಲೆ ಹೇಳುತ್ತೇವೆ ಅಂತ ಆಸ್ಪತ್ರೆಯವರು ಅಂದರು. ನಾವು ಕಾದೆವು. ಬೆಳಗ್ಗೆ ಪಶುಪತಿ, ಮಧ್ಯಾಹ್ನ ಫೋನಿನ ಅಂಗಡಿ. ದಿನಗಳು ಹೋದ ಹಾಗೆ ಅವ್ವನ ಪ್ರದಕ್ಷಿಣೆಗಳು ಜಾಸ್ತಿಯಾದವು, ಮಾತು ಕಡಿಮೆಯಾಯಿತು.

ಕೊನೆಗೆ ಭಾವ ಫೋನಿಗೆ ಸಿಕ್ಕರು. ದಾವಣಗೆರೆಯಲ್ಲಿ ಕಲಿತ ಅವರ ಕನ್ನಡ ಅಷ್ಟು ವರ್ಷ ಆದರೂ ಗಟ್ಟಿಯಾಗಿತ್ತು. "ಸಹಿ ಮಾಡಿ ಇವತ್ತೇ ಫ್ಯಾಕ್ಸ್ ಕಳಿಸ್ತೀನಿ ವೀರೇಶ. ಅದಕ್ಕೂ ಕೊಡಲಿಲ್ಲ ಅಂದ್ರೆ ಅಲ್ಲೇ ಇರಿ, ನಾನೇ ಬಂದು ಅವಳನ್ನ ಕರಕೊಂಡು ಹೋಗ್ತೀನಿ. ಸ್ಕೂಲು ಇಲ್ಲದಿದ್ರೂ ಪರವಾಗಿಲ್ಲ, ನಾನೇ ಓದಿಸ್ತೀನಿ." ಒಳ್ಳೆಯ ತಂದೆ ಆಡಬೇಕಾದ ಮಾತೇ. ಆದರೆ ಆ ಫೋನಿನ ದನಿ ದೊಡ್ಡದು, ಮಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಲಾಡ್ಜಿಗೆ ಬಂದವಳೇ ಸೀದಾ ಅವ್ವನ ಸೀರೆಗಳ ಒಳಗೆ ಹೊಕ್ಕಳು.

"ಅಜ್ಜಿ, ನನ್ನ ಇಲ್ಲೇ ಬಿಟ್ಟು ಹೊಕ್ಕೀರೇನು?"

"ಯಾರಂದ್ರು?"

"ಗೌರಿ ಅಕ್ಕ ಊರಾಗ ಇರತಾಳ. ಬಸು ಇರತಾನ. ನಾನ್ಯಾಕ ಹೋಗಬೇಕು? ನಾ ಏನ್ ಮಾಡೀನಿ?"

ಅವ್ವ ಅವಳ ಬೆನ್ನು ತಟ್ಟುತ್ತಾ ಕೂತಳು. ನನಗೆ ಮೈಯೆಲ್ಲ ಉರಿಯಿತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಸಿಟ್ಟು ಮಾಡಲು ಒಬ್ಬ ಮನುಷ್ಯನಾದರೂ ಸಿಗಬೇಕಲ್ಲ!

ಮರುದಿನ ಫ್ಯಾಕ್ಸ್ ಬಂತು. ಈ ಸಲ ನಮ್ಮನ್ನು ಒಳಗೆ ಕರೆದರು. ಮೇಜಿನ ಆಚೆ ನಡುವಯಸ್ಸಿನ ಅಧಿಕಾರಿ, ಕೊರಳಿಗೆ ಮಫ್ಲರು. ಕಾಗದ ಓದುತ್ತಾ ಹಿಂದಿಯಲ್ಲಿ ಕೇಳಿದರು: ಈ ಮಗುವಿನ ಅಕ್ಕ ಭಾರತೀಯಳು, ತಂಗಿ ಮಲೇಷ್ಯಾದವಳು, ಇದು ಹೇಗೆ? ನಾನು ಬಾಯಿ ತೆರೆಯುವ ಮುಂಚೆ ಅವ್ವ ಚೀಲಕ್ಕೆ ಕೈ ಹಾಕಿದಳು. ತಾಟು ಹೊರಗೆ ಬಂತು. ಸೆರಗಿನಿಂದ ಒರೆಸಿ ಅದನ್ನು ಅಧಿಕಾರಿಯ ಕಾಗದಗಳ ಮೇಲೆಯೇ ಇಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ನೋಡ್ರಿ ಸಾಹೇಬ್ರ, ಇಕಿ ಹೆಸರು ನಮ್ಮ ತಾಟಿನ ಮ್ಯಾಲ ಐತಿ. ಊರೂ ಐತಿ. ಇಕಿ ನಮ್ಮಾಕಿ. ತಪ್ಪು ಇಕೀದಲ್ಲ, ನಂದು. ಇಕಿ ಹೊಟ್ಟ್ಯಾಗಿದ್ದಾಗ ನನ್ನ ಮಗಳು ಬರ್ತೀನಂತ ಕಾಗದ ಬರದಿದ್ಲು. ಅದ ಹೊತ್ತಿನಾಗ ನನ್ನ ಸೊಸಿನೂ ಬಸುರಿ. ತಾಯಿ ಇಲ್ಲದ ಹುಡುಗಿ ಅದು, ಅದಕ್ಕ ನಾನ ಬಾಣಂತನ ಮಾಡಬೇಕು. ಒಂದ ಸೂರಿನ ಕೆಳಗ ಇಬ್ರು ಬಾಣಂತ್ಯಾರು ಇರಬಾರದು ಅಂತಾರ ನಮ್ಮ ಕಡಿ. ಮಗಳಿಗೆ ಬರಬ್ಯಾಡ ಅಂತ ನಾನ ಬರಸಿದ್ನಿ. ನಾ ಬಾ ಅಂದಿದ್ರ ಇಕಿ ಚಿಗಟೇರ್ಯಾಗ ಹುಟ್ಟತಿದ್ಲು. ನನ್ನ ಒಂದು ಮಾತಿಗೆ ಈ ಕೂಸು ಪರದೇಶದ್ದಾತು. ನನಗ ಏನರ ಶಿಕ್ಷಾ ಕೊಡ್ರಿ, ಇಕಿನ್ನ ಕಳಿಸಿಕೊಡ್ರಿ."

ಅದನ್ನು ನಾನು ಮೊದಲ ಸಲ ಕೇಳುತ್ತಿದ್ದೆ. ಅವ್ವ ಆರು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿಗೆ ತಿಳಿದರೆ ನೊಂದುಕೊಂಡಾಳು ಅಂತ ಇರಬೇಕು. ನನ್ನ ಬಸು ಬೆಚ್ಚಗೆ ಹುಟ್ಟಿದ ಕೋಣೆಯಲ್ಲಿ ಮಲ್ಲಿ ಹುಟ್ಟಬೇಕಿತ್ತು. ಅಧಿಕಾರಿ ನನ್ನ ಕಡೆ ನೋಡಿ, ಏನು ಹೇಳುತ್ತಿದ್ದಾರೆ ಅಂತ ಕೇಳಿದರು. ನನ್ನ ಪಾತ್ರೆ ಹಿಂದಿಯಲ್ಲಿ ಬಸುರಿ ಇಲ್ಲ, ಬಾಣಂತಿ ಇಲ್ಲ, ತಾಯಿಯಿಲ್ಲದ ಸೊಸೆ ಇಲ್ಲ. "ಸಾಬ್, ಬಚ್ಚಿ ಹಮಾರೀ ಹೈ" ಅಂದೆ. ಮಗು ನಮ್ಮದು ಅನ್ನುವಷ್ಟೇ ಬಂತು.

ಅವರು ತಾಟನ್ನು ಎತ್ತಿ ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ ಎರಡೂ ಕೈಯಿಂದ ಅವ್ವನಿಗೆ ವಾಪಸು ಕೊಟ್ಟು, "ಮಾತಾಜಿ, ಬೈಠಿಯೇ" ಅಂದು ಕುರ್ಚಿ ತೋರಿಸಿದರು. ಸಂಜೆಗೆ ವೀಸಾ ಸಿಕ್ಕಿತು.

ತಾಟು ನೋಡಿ ಯಾವ ಸರ್ಕಾರವೂ ವೀಸಾ ಕೊಡುವುದಿಲ್ಲ ಅಂತ ನನಗೆ ಗೊತ್ತು. ಕುಡ್ಲಿಗಿಯ ವಕೀಲರು ಜೋಡಿಸಿದ ಕಾಗದಗಳು ಸರಿಯಾಗಿದ್ದವು, ಭಾವನ ಸಹಿ ಬಂದಿತ್ತು, ಕೊಡಬೇಕಾದದ್ದನ್ನೇ ಕೊಟ್ಟರು. ಅವ್ವನ ಎದುರು ಇದನ್ನು ಹೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಊರಿಗೆ ಬಂದ ಮೇಲೆ ಓಣಿಯಲ್ಲಿ ಹೊರದೇಶದ ಮಾತು ಬಂದರೆ ಸಾಕು, "ಪಾತ್ರಿಗೆ ಹೆಸರು ಹಾಕಿಸಿಟ್ಟುಕೋರ್ರಿ, ಹೊತ್ತಿಗಾಕ್ಕೈತಿ" ಅಂತ ಬುದ್ಧಿ ಹೇಳುತ್ತಿದ್ದಳು. ಅದರಿಂದ ನನ್ನ ವ್ಯಾಪಾರಕ್ಕೆ ನಷ್ಟವೇನೂ ಆಗಲಿಲ್ಲ.

ಆದರೆ ಅವ್ವನ ಒಳಗಿನ ಮುಳ್ಳು ಹೋಗಲಿಲ್ಲ. ಮುಂದೆ ವೀಸಾ ದಾವಣಗೆರೆಯಲ್ಲೇ ಸರಾಗವಾಗಿ ಮುಂದಕ್ಕೆ ಹೋಗುತ್ತಿತ್ತು. ಆದರೂ ಪ್ರತಿ ಸಲ ಮಲ್ಲಿಯ ಕಾಗದ ಹಿಡಿದು ನಾನು ಹೊರಟಾಗ ಅವ್ವ ಬಾಗಿಲಲ್ಲಿ ನಿಂತು ತನ್ನಷ್ಟಕ್ಕೆ ಅನ್ನುತ್ತಿದ್ದಳು, "ನಾ ಬಾ ಅಂದಿದ್ರ ಇಷ್ಟೆಲ್ಲಾ ಇರ್ತಿದ್ದಿಲ್ಲ." ನನ್ನ ಹೆಂಡತಿಗೂ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಅವಳು ಒಮ್ಮೆ ಅತ್ತೆಯ ಕೈ ಹಿಡಿದು ಅತ್ತುಬಿಟ್ಟಳು. ಅವ್ವ ಅವಳನ್ನೇ ಸಮಾಧಾನ ಮಾಡಿದಳು, ತನಗೆ ಮಾತ್ರ ಸಮಾಧಾನ ಮಾಡಿಕೊಳ್ಳಲಿಲ್ಲ.

ಎರಡು ಸಾವಿರದೊಂದರಲ್ಲಿ ಭಾವನಿಗೆ ಪಟ್ಟಣಕ್ಕೆ ವರ್ಗವಾಯಿತು. ಅಕ್ಕ ಮಕ್ಕಳನ್ನು ಕರೆದುಕೊಂಡು ಹೊರಟಳು. ಅವರು ತಲುಪಿದ ಮರುದಿನ ಅಂಗಡಿಗೆ ಫೋನು ಬಂತು, ಅವ್ವ ಬೆಳಗಿನಿಂದ ಅಲ್ಲೇ ಪಾತ್ರೆಗಳ ನಡುವೆ ಕೂತಿದ್ದಳು. ಅಕ್ಕ ಹೇಳಿದ್ದು ಇದು.

ವಿಮಾನ ಇಳಿದ ಮೇಲೆ ಅಲ್ಲಿ ಆಟ ತಿರುಗಿಬಿತ್ತು. ಅಲ್ಲಿ ಮಲ್ಲಿ ಮನೆಯವಳು, ಗೌರಿ ಹೊರಗಿನವಳು. ಮಲ್ಲಿಯ ಪಾಸ್‌ಪೋರ್ಟು ನೋಡಿ ನಕ್ಕು ಮುದ್ರೆ ಹೊಡೆದರು. ಗೌರಿಯ ಕಾಗದ ಇನ್ನೊಮ್ಮೆ ನೋಡಬೇಕು ಅಂತ ಅವಳನ್ನೂ ಅಕ್ಕನನ್ನೂ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಗಾಜಿನ ಆಚೆ ಭಾವ ನಿಂತಿದ್ದರು. ವರ್ಷವಾಗಿತ್ತು ಮಲ್ಲಿ ಅಪ್ಪನನ್ನು ನೋಡಿ. ಅವರು ಎರಡೂ ಕೈ ಎತ್ತಿ ಕರೆಯುತ್ತಿದ್ದರು. ಸಮವಸ್ತ್ರದ ಹೆಣ್ಣುಮಗಳೊಬ್ಬಳು ಬಂದು, ನೀನು ಹೋಗಬಹುದು ಅಂತ ಬಾಗಿಲು ತೋರಿಸಿದಳು. ಅಕ್ಕನೂ ಹೋಗು ಅಂದಳು. ಮಲ್ಲಿ ಗಾಜಿನ ಕಡೆ ಒಮ್ಮೆ ಕೈ ಬೀಸಿ, ತಿರುಗಿ ಬಂದು, ಅಳುಮುಖ ಮಾಡಿಕೊಂಡು ಕೂತಿದ್ದ ಗೌರಿಯ ಪಕ್ಕ ಬೆಂಚಿನ ಮೇಲೆ ಕೂತುಬಿಟ್ಟಳು.

"ಹೋಗವ್ವಾ, ಅಪ್ಪ ಕರಿಯಾಕತ್ತಾರ" ಅಂತ ಅಕ್ಕ ಮತ್ತೆ ಅಂದಳಂತೆ.

"ನಂದು ಆಗೂತನಕ ಅಜ್ಜಿ, ಮಾಮ ನನ್ನ ಬಿಟ್ಟು ಹೋಗಲಿಲ್ಲ," ಅಂದಳಂತೆ ಮಲ್ಲಿ. "ಅಕ್ಕಂದೂ ಆಗಲಿ, ಕೂಡೇ ಹೋಗಾಮು."

ನಾನು ಅದನ್ನು ಅವ್ವನಿಗೆ ಹೇಳಿದೆ. ಅರ್ಧಕ್ಕೇ ನನ್ನ ದನಿ ಒಡೆಯಿತು, ಗಿರಾಕಿಯೊಬ್ಬ ಕೊಡ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಅವ್ವ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಎದ್ದು, ಸೀರೆ ಝಾಡಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಚಪ್ಪಲಿ ಮೆಟ್ಟಿದಳು. ಮೆಟ್ಟಿಲು ಇಳಿಯುತ್ತಾ ನನ್ನ ಕಡೆ ತಿರುಗಿದಳು.

"ಇಕಿ ಎಲ್ಲಿ ಹುಟ್ಟಿದ್ರೇನಾತು ಬಿಡಲೇ," ಅಂದಳು.